‘ಜನುಮದ ಜೋಡಿ’: ಪಕ್ಷ ಬದಲಿಸಿದ ಒಂದು ಮಾತು

ಇವತ್ತಿನ ಸಂಚಿಕೆ ಲವ್ ಸ್ಟೋರಿ ಸಿನಿಮಾಗಳ ಬಗ್ಗೆ. ಟಾಪ್ ಟೆನ್ ಪಟ್ಟಿ ಅಲ್ಲ ಮತ್ತ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ನಿಂತು ನೋಡಿದ್ರೆ ‘ಸೋಲ್‌ಮೇಟ್’ ಅನ್ನೋ ಮಾತು ಹೆಂಗ ಕಾಣಸ್ತದ ಅನ್ನೋದು ಇವತ್ತಿನ ವಿಷಯ.

ಇಂಗ್ಲಿಷಿನ ಆ ಪದ ಕವಿ ಕೋಲ್‌ರಿಜ್ 1822ರಲ್ಲಿ ಬರೆದ ಒಂದು ಪತ್ರದಲ್ಲಿ ಸಿಗುತ್ತದೆ. ಮದುವೆಯಲ್ಲಿ ಸುಖ ಬೇಕಾದರೆ ಮನೆ ನಡೆಸೋಕೆ ಜೊತೆ ಸಿಕ್ಕರೆ ಸಾಲದು, ಆತ್ಮಕ್ಕೂ ಜೊತೆ ಬೇಕು ಅನ್ನೋದು ಅಲ್ಲಿಯ ಸಲಹೆ. ನಮ್ಮಲ್ಲಿ ಅದಕ್ಕೆ ಹತ್ತಿರದ ಮಾತುಗಳು ಎರಡು: ಜನುಮದ ಜೋಡಿ, ಋಣಾನುಬಂಧ. ಆದರೆ ಈ ಮಾತುಗಳನ್ನು ಹೇಳ್ತಿದ್ದವರು ಪ್ರೇಮಿಗಳಲ್ಲ, ಹಿರಿಯರು. ತೊಟ್ಟಿಲಲ್ಲಿ ಇದ್ದಾಗಲೇ ಸೋದರಮಾವನಿಗೆ ಅಂತ ಗೊತ್ತು ಮಾಡಿದ ಹುಡುಗಿ ದೊಡ್ಡವಳಾಗಿ ‘ಒಲ್ಲೆ’ ಅಂದರೆ, ಆಕೆಯನ್ನು ಒಪ್ಪಿಸೋಕೆ ಬರ್ತಿದ್ದ ಮಾತು ಇದು. ‘ಋಣ ಇತ್ತವ್ವಾ, ಅದಕ್ಕ ಕೂಡೀರಿ.’ ಋಣ ಅಂದ್ರೆ ಸಾಲ ನೋಡ್ರಿ. ಹೋದ ಜನ್ಮದ ಸಾಲ ಈ ಜನ್ಮದಾಗ ತೀರಿಸಬೇಕು, ಗಂಡ ಎಂಥವನೇ ಆಗಿರಲಿ.

ಸಿನಿಮಾ ಮಾಡಿದ ದೊಡ್ಡ ಕೆಲಸ ಅಂದ್ರೆ ಈ ಮಾತನ್ನು ಹಿರಿಯರ ಬಾಯಿಂದ ಕಸಿದು ಪ್ರೇಮಿಗಳ ಬಾಯಿಗೆ ಹಾಕಿದ್ದು. ‘ನಾವಿಬ್ಬರು ಜನುಮದ ಜೋಡಿ, ನೀವು ಯಾರು ತಡೆಯೋಕೆ’ ಅಂತ. ಮದುವೆಗೆ ಒಪ್ಪಿಸೋಕೆ ಇದ್ದ ಮಾತು ಮದುವೆ ಮುರಿಯೋಕೆ ಬಂತು.

ಕನ್ನಡದಲ್ಲಿ ಆ ಹೆಸರಿನ ಸಿನಿಮಾನೇ ಇದೆ, ನಿಮ್ಮ ಅಪ್ಪ-ಅವ್ವಂದಿರನ್ನ ಕೇಳಿ ನೋಡ್ರಿ. 1996ರ ‘ಜನುಮದ ಜೋಡಿ’. ಟಿ.ಎಸ್. ನಾಗಾಭರಣ ನಿರ್ದೇಶನ, ಶಿವರಾಜ್‌ಕುಮಾರ್ ಮತ್ತು ಶಿಲ್ಪಾ ಜೋಡಿ, ವಿ. ಮನೋಹರ್ ಸಂಗೀತ. ಹಾಡುಗಳು ನಿಮಗೂ ಗೊತ್ತಿರಬಹುದು, ಕಥೆ ಎಲ್ಲಿಂದ ಬಂತು ಅನ್ನೋದು ಅಷ್ಟು ಜನಕ್ಕೆ ಗೊತ್ತಿಲ್ಲ. ಗುಜರಾತಿ ಲೇಖಕ ಪನ್ನಾಲಾಲ್ ಪಟೇಲರ 1941ರ ಕಾದಂಬರಿ ‘ಮಳೇಲಾ ಜೀವ್’ ಅದರ ಮೂಲ. ಹೆಸರಿನ ಅರ್ಥ ‘ಕೂಡಿದ ಜೀವಗಳು’. ಮುಂದೆ 1985ರ ಜ್ಞಾನಪೀಠ ಪ್ರಶಸ್ತಿ ಬಂದಿದ್ದು ಇದೇ ಪಟೇಲರಿಗೆ.

ಆ ಕಾದಂಬರಿಯ ಕಥೆ ವಿಚಿತ್ರ ಐತಿ. ಕಾನ್ಜಿ ಪಾಟೀದಾರ್ ಹುಡುಗ, ಜೀವಿ ಕ್ಷೌರಿಕರ ಮನೆ ಹುಡುಗಿ. ಜಾತ್ರೆಯಲ್ಲಿ ಒಬ್ಬರನ್ನೊಬ್ಬರು ನೋಡ್ತಾರೆ, ಮನಸ್ಸು ಕೂಡ್ತದೆ. ಜಾತಿ ಅಡ್ಡ. ಕಾನ್ಜಿ ಓಡಿಹೋಗಲ್ಲ, ಜಗಳಕ್ಕೂ ನಿಲ್ಲಲ್ಲ. ಆಕೆ ಕಣ್ಣೆದುರಿಗಾದರೂ ಇರಲಿ ಅಂತ ತನ್ನ ಊರಿನ, ಆಕೆಯದೇ ಜಾತಿಯ ಒಬ್ಬನಿಗೆ ಮದುವೆ ಮಾಡಿಸ್ತಾನೆ. ಆ ಗಂಡ ಸಂಶಯದ ಮನುಷ್ಯ, ಹೊಡಿತಾನೆ. ಬೇಸತ್ತ ಜೀವಿ ತನಗೆ ಅಂತ ವಿಷ ಹಾಕಿ ಮಾಡಿಕೊಂಡ ರೊಟ್ಟಿಯನ್ನು ಗಂಡ ತಿಂದು ಸಾಯ್ತಾನೆ. ಆಮೇಲೆ ಆಕೆಗೆ ಬುದ್ಧಿಭ್ರಮಣೆ. ಕೊನೆಗೆ ಕಾನ್ಜಿ ಬಂದು ಕರಕೊಂಡು ಹೋಗ್ತಾನೆ, ಆದರೆ ಯಾವ ಸ್ಥಿತಿಯಲ್ಲಿ! ಜೀವಗಳು ಕೂಡಿದವು ಅನ್ನೋದು ಖರೆ. ಆ ಕೂಡಿಕೆಯ ಬೆಲೆಯನ್ನೆಲ್ಲ ಕೊಟ್ಟವಳು ಮಾತ್ರ ಹುಡುಗಿ. ನನಗಂತೂ ಕಾನ್ಜಿ ಮೇಲೆ ಸಿಟ್ಟೇ ಬರ್ತದ, ಆತ ಎಷ್ಟೇ ಒಳ್ಳೆಯವನಾದರೂ.

ಇದಕ್ಕಿಂತ ಹಿಂದಿನ ಕನ್ನಡ ಸಿನಿಮಾದಲ್ಲಿ ಇನ್ನೊಂದು ದಾರಿ ಇತ್ತು: ಸಾವು. 1972ರ ‘ನಾಗರಹಾವು’, ಪುಟ್ಟಣ್ಣ ಕಣಗಾಲರದು. ರಾಮಾಚಾರಿ, ಮಾರ್ಗರೆಟ್ ಕೊನೆಗೆ ಚಿತ್ರದುರ್ಗದ ಬೆಟ್ಟದಿಂದ ಹಾರ್ತಾರೆ. ನೋಡಿದ ಜನ ಅತ್ತರು. ವಿಜಯಪುರ ಜಿಲ್ಲೆಯವರಿಗೆ ಇಂಥ ಹಾರುವಿಕೆ ಹೊಸದಲ್ಲ. ಗೋಳಗುಮ್ಮಟಕ್ಕೆ ಹೋದಾಗ ಗೈಡ್ ಹೇಳೋ ಕಥೆ ಕೇಳಿರ್ತೀರಿ: ಮುಹಮ್ಮದ್ ಆದಿಲ್ ಶಾಹ್ ‘ಪ್ರೀತಿ ಇದ್ದರೆ ಜಿಗಿದು ತೋರಿಸು’ ಅಂದನಂತೆ, ನರ್ತಕಿ ರಂಭಾ ಜಿಗಿದಳಂತೆ. ಅದು ದಂತಕಥೆ, ಚರಿತ್ರೆ ಅಲ್ಲ. ಆದರೆ 1656ರ ಆ ಕಟ್ಟಡದೊಳಗೆ ಸುಲ್ತಾನನ ಸಮಾಧಿ ಜೊತೆ ರಂಭಾಳದೂ ಇದೆ. ಇವತ್ತು ಕಾಲೇಜಿನ ಜೋಡಿಗಳು ಆ ಪಿಸುಗುಟ್ಟುವ ಗ್ಯಾಲರಿಯ ಈ ಕಡೆಯಿಂದ ಆ ಕಡೆಗೆ ಹೆಸರು ಕೂಗ್ತಾರಲ್ಲ, ಅದರ ಕೆಳಗೇ.

ಸತ್ತು ಪ್ರೀತಿ ಸಾಬೀತು ಮಾಡೋ ಈ ಪದ್ಧತಿಯನ್ನ ಮುರಿದ ಸಿನಿಮಾ ನಮ್ಮ ಪಕ್ಕದಿಂದಲೇ ಬಂತು. ಭೀಮಾ ನದಿ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ ದಾಟಿ ಇಂಡಿ ತಾಲ್ಲೂಕಿನ ಗಡಿಗುಂಟ ಹರಿದು ಸಿಂದಗಿ ಕಡೆ ಬರ್ತದ. ಅದೇ ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲ್ಲೂಕು ನಾಗರಾಜ ಮಂಜುಳೆ ಅವರ ಊರು, 2016ರ ‘ಸೈರಾಟ್’ನ ನೆಲವೂ ಅದೇ. ಕಬ್ಬು, ಬಾವಿ, ಬುಲೆಟ್, ಊರಗೌಡಕಿ. ಗಡಿ ಈ ಕಡೆಯವರಿಗೆ ಮರಾಠಿ ಬರದಿದ್ದರೂ ಸಿನಿಮಾ ಅರ್ಥವಾಗ್ತದ.

ಪಾಟೀಲರ ಮನೆಯ ಆರ್ಚಿ, ಮೀನುಗಾರರ ಮನೆಯ ಪರ್ಶ್ಯಾ. ಅರ್ಧ ಸಿನಿಮಾ ಹಾಡು, ಕುಣಿತ. ಆಮೇಲೆ ಹೈದರಾಬಾದಿಗೆ ಓಡಿಹೋಗಿ ಸ್ಲಂನಲ್ಲಿ ಬದುಕು. ಅಲ್ಲಿ ಜನುಮದ ಜೋಡಿಯ ಮಾತೇ ಇಲ್ಲ. ಜಗಳ ಆಡ್ತಾರೆ, ಸಂಶಯ ಪಡ್ತಾರೆ, ಆಕೆ ಒಮ್ಮೆ ಬಿಟ್ಟು ಹೊರಟೂ ಬಿಡ್ತಾಳೆ, ಮತ್ತೆ ಬರ್ತಾಳೆ. ನಿಧಾನಕ್ಕೆ ದುಡಿದು ಸಂಸಾರ ಕಟ್ತಾರೆ, ಮಗು ಆಗ್ತದೆ. ಅವರು ಸೋಲ್‌ಮೇಟ್ ಆಗಿ ಹುಟ್ಟಿದವರಲ್ಲ, ಆಗ್ತಾ ಆಗ್ತಾ ಆದವರು. ಅಷ್ಟರಲ್ಲಿ ತವರಿನವರು ಉಡುಗೊರೆ ಹಿಡಕೊಂಡು ಬರ್ತಾರೆ. ಕೊನೆಯ ನಿಮಿಷಗಳಲ್ಲಿ ಸದ್ದೇ ಇಲ್ಲ. ಮುಂದಿನ ಜನ್ಮದಲ್ಲಿ ಸೇರ್ತಾರೆ ಅನ್ನೋ ಸಮಾಧಾನವನ್ನೂ ಮಂಜುಳೆ ಕೊಡೋದಿಲ್ಲ.

ಅದರ ಕನ್ನಡ ರಿಮೇಕ್ ‘ಮನಸು ಮಲ್ಲಿಗೆ’ ಬಂದಿದ್ದು 2017ರಲ್ಲಿ, ಎಸ್. ನಾರಾಯಣ್ ನಿರ್ದೇಶನ, ನಾಯಕಿ ಅದೇ ರಿಂಕು ರಾಜಗುರು. ಅದೇ 2017ರ ಜೂನ್‌ನಲ್ಲಿ ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ದಲಿತ ಯುವಕನನ್ನು ಮದುವೆಯಾಗಿದ್ದ ಮುಸ್ಲಿಂ ಯುವತಿಯೊಬ್ಬಳನ್ನು ಆಕೆಯ ಮನೆಯವರೇ ಸುಟ್ಟು ಕೊಂದರು. ಆಕೆ ಗರ್ಭಿಣಿ. ಇಬ್ಬರೂ ಗೋವಾಕ್ಕೆ ಹೋಗಿ ಇದ್ದವರು, ಮಗು ಬರ್ತದೆ ಅಂದರೆ ಮನೆಯವರ ಮನಸ್ಸು ಕರಗೀತು ಅಂತ ಊರಿಗೆ ಬಂದಿದ್ದರು. ಸುದ್ದಿ ದೇಶದ ತುಂಬ ಹೋಯಿತು. ಹೆಸರು ನಾನಿಲ್ಲಿ ಹೇಳೋದಿಲ್ಲ.

ಅದರ ಮರುವರ್ಷ, 2018ರ ಮಾರ್ಚ್‌ನಲ್ಲಿ, ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ವಯಸ್ಕರಿಬ್ಬರು ಒಪ್ಪಿ ಮದುವೆಯಾದರೆ ಕುಟುಂಬದ ಅಥವಾ ಪಂಚಾಯಿತಿಯ ಒಪ್ಪಿಗೆ ಬೇಕಿಲ್ಲ, ಬೆದರಿಕೆ ಇದ್ದವರು ದೂರು ಕೊಡೋಕೆ ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ ಇರಬೇಕು ಅಂತ. ಇದನ್ನ ನೆನಪಿಟ್ಕೊಳ್ರಿ. ಇನ್ನೊಂದು, ಸಿನಿಮಾದಲ್ಲಿ ಜೋಡಿ ರಿಜಿಸ್ಟರ್ ಆಫೀಸಿಗೆ ಓಡಿ, ಸಹಿ ಹಾಕಿ, ಹಾರ ಹಾಕ್ಕೊಂಡು ಅರ್ಧ ಗಂಟೆಯಲ್ಲಿ ಹೊರಗೆ ಬರ್ತಾರಲ್ಲ, ಅದು ಸುಳ್ಳು. ಬೇರೆ ಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಆಗಬೇಕಂದ್ರೆ ಮೊದಲು ನೋಟಿಸ್ ಕೊಡಬೇಕು, ಅದು ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ 30 ದಿನ ಇರ್ತದೆ. ಓಡಿಬಂದವರಿಗೆ ಆ 30 ದಿನ ಅಂದ್ರೆ ಏನು ಅನ್ನೋದನ್ನ ಯಾವ ಲವ್ ಸ್ಟೋರಿಯೂ ಸರಿಯಾಗಿ ತೋರಿಸಿಲ್ಲ.

ಈಗ ಬಾಗೇವಾಡಿಗೆ ಬರೋಣ, ಅಂದ್ರೆ ಬಸವಣ್ಣನವರಿಗೆ. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ, ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ ಆಯಿತು ಅನ್ನೋ ಕಥೆ ನಿಮಗೆ ಗೊತ್ತು. ಬಿಜ್ಜಳ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆ ಕೊಟ್ಟ, ಕಲ್ಯಾಣ ಹೊತ್ತಿ ಉರಿಯಿತು. ವಾಟ್ಸ್ಯಾಪ್ ಸ್ಟೇಟಸ್‌ಗಳಲ್ಲಿ ಇದನ್ನ ‘ಮೊದಲ ಅಂತರ್ಜಾತಿ ಪ್ರೇಮ ವಿವಾಹ’ ಅಂತ ಹಾಕ್ತಾರೆ. ಪ್ರೇಮ ಅಲ್ರಿ ಅದು! ಕಥೆಯಲ್ಲಿ ಹುಡುಗ-ಹುಡುಗಿ ಎಲ್ಲೂ ಕದ್ದು ಭೇಟಿಯಾಗೋದಿಲ್ಲ. ಮದುವೆ ಮಾಡಬೇಕು ಅಂದವರು ಅಪ್ಪಂದಿರು. ಶರಣರ ಸಮುದಾಯ ಜೊತೆಗಿತ್ತು, ವಿರೋಧ ಬಂದಿದ್ದು ಅರಮನೆಯಿಂದ, ಊರಿನ ಮೇಲ್ಜಾತಿಯವರಿಂದ. ನಮ್ಮ ಸಿನಿಮಾದಲ್ಲಿ ಎಲ್ಲ ಉಲ್ಟಾ, ಅಪ್ಪನೇ ವಿಲನ್.

20ನೇ ಶತಮಾನದ ಲೇಖಕರಿಗೆ ಪ್ರೇಮವಿಲ್ಲದ ಈ ಮದುವೆ ಯಾಕೋ ಸಾಲಲಿಲ್ಲ. ಪಿ. ಲಂಕೇಶ್ 1971ರ ‘ಸಂಕ್ರಾಂತಿ’ ನಾಟಕದಲ್ಲಿ ಅದೇ ಕಲ್ಯಾಣಕ್ಕೆ ಉಷಾ, ರುದ್ರ ಅನ್ನೋ ಪ್ರೇಮಿಗಳನ್ನ ತಂದರು. ಗಿರೀಶ ಕಾರ್ನಾಡರ 1990ರ ‘ತಲೆದಂಡ’ ಬೇರೆ ದಾರಿ ಹಿಡೀತು. ಅಲ್ಲಿ ಮದುವೆ ಹಿರಿಯರು ಗೊತ್ತು ಮಾಡಿದ್ದೇ. ಸುದ್ದಿ ಕೇಳಿ ಬಸವಣ್ಣನೇ ಬೆಚ್ಚಿಬೀಳ್ತಾನೆ. ತೊಗಲಿನ ವಾಸನೆಯ ಮನೆಯಲ್ಲಿ ಮಗಳು ಹೆಂಗ ಬಾಳ್ತಾಳೆ ಅನ್ನೋ ಚಿಂತೆ ತಾಯಿಗೆ. ಕ್ರಾಂತಿಯ ನಡುವೆ ಆ ತಾಯಿಯ ಮಾತು ಸಣ್ಣದು ಅನಿಸಬಹುದು, ನನಗೆ ಇಡೀ ನಾಟಕದಲ್ಲಿ ತೀರಾ ಖರೆ ಅನಿಸೋ ಜಾಗ ಅದು.

ಆ ಹುಡುಗಿಯನ್ನ ಮಾತ್ರ ಯಾರೂ ಕೇಳಲಿಲ್ಲ. ಹರಳಯ್ಯ, ಮಧುವರಸ, ಬಿಜ್ಜಳ ಎಲ್ಲಾರ ಹೆಸರೂ ಪ್ರತಿ ಕಥೆಯಲ್ಲಿ ಒಂದೇ. ಹುಡುಗನ ಹೆಸರು ಶೀಲವಂತ. ಹುಡುಗಿ ಒಂದು ಕಥೆಯಲ್ಲಿ ಲಾವಣ್ಯ, ಇನ್ನೊಂದರಲ್ಲಿ ಕಲಾವತಿ.