ಏಳು ದ್ವೀಪಗಳ ಊರಿನಲ್ಲಿ ಖಂಡಗ್ರಾಸ

ಏಳು ದ್ವೀಪಗಳನ್ನು ಬೆಸೆದು ಬೆಳೆಸಿದ ಊರು ಮುಂಬಯಿ. ಗ್ರಹಣಗಳ ಚರಿತ್ರೆಯಲ್ಲಿ ಈ ಊರಿಗೊಂದು ವಿಚಿತ್ರ ಯೋಗವಿದೆ. ಚಂದ್ರನ ದಟ್ಟ ನೆರಳು ಮತ್ತೆ ಮತ್ತೆ ಅದರ ದಕ್ಷಿಣಕ್ಕೇ ಹಾದುಹೋಗಿದೆ. 1868ರ ಆಗಸ್ಟ್ 18ರಂದು ಆ ನೆರಳು ನಮ್ಮ ಜಮಖಂಡಿಯ ಮೇಲೆ ಬಿತ್ತು; ಅಲ್ಲಿ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಸೂರ್ಯನ ಅಂಚಿನ ಜ್ವಾಲೆಗಳು ಉರಿಯುವ ಅನಿಲವೆಂಬುದನ್ನು ಕಂಡುಕೊಂಡರು. 1898ರ ಜನವರಿ 22ರಂದು ಲಾಕಿಯರ್ ವಿಜಯದುರ್ಗದ ಕೋಟೆಯಲ್ಲಿ ದೂರದರ್ಶಕಗಳನ್ನು ಹೂಡಿದರು. 1980ರ ಫೆಬ್ರವರಿ 16ರಂದು ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳಿಗೆ ಖಗ್ರಾಸದ ಭಾಗ್ಯ ಒದಗಿತು. ಮುಂಬಯಿಗೆ ಪ್ರತಿ ಸಲವೂ ದಕ್ಕಿದ್ದು ಖಂಡಗ್ರಾಸ.

ಗ್ರಂಥಗಳು ಖಗ್ರಾಸವನ್ನು ವರ್ಣಿಸಿ, ಖಂಡಗ್ರಾಸವನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆದರೆ ಕಣ್ಣಿನ ಮಟ್ಟಿಗೆ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ. ಸೂರ್ಯಬಿಂಬ ಸಂಪೂರ್ಣವಾಗಿ ಮುಚ್ಚಿದ ಆ ಕೆಲವೇ ನಿಮಿಷ ಅಂಕೋಲೆಯವರು ಬರಿಗಣ್ಣಿನಿಂದ ನೋಡಬಹುದಿತ್ತು. ಮುಂಬಯಿಯವರಿಗೆ ಅಂಥ ಕ್ಷಣ ಒಂದೂ ಇರಲಿಲ್ಲ. ಬೆಳಕು ಕುಂದಿದಾಗ ನೋಡುವ ಆಸೆ ಹೆಚ್ಚುತ್ತದೆ. ಉಳಿದ ಎಳೆಯಷ್ಟು ಸೂರ್ಯನೇ ಅಕ್ಷಿಪಟವನ್ನು ಸುಡಬಲ್ಲ. ಅಕ್ಷಿಪಟಕ್ಕೆ ನೋವಿನ ಅರಿವಿಲ್ಲವಾದ್ದರಿಂದ ಸುಟ್ಟದ್ದು ಆಗಲೇ ತಿಳಿಯುವುದೂ ಇಲ್ಲ.

1980ರ ಆ ಶನಿವಾರ ನಾನು ಮಾಟುಂಗಾದಲ್ಲಿ, ಅಕ್ಕನ ಮನೆಯಲ್ಲಿದ್ದೆ. ಎಂದೂ ನಿಲ್ಲದ ಊರು ಅಂದು ಮಧ್ಯಾಹ್ನ ಬಾಗಿಲು ಮುಚ್ಚಿ ಕುಳಿತಿತ್ತು. ಜನ ಹೊರಬಾರದಿರಲೆಂದು ದೂರದರ್ಶನದಲ್ಲಿ ಚಲನಚಿತ್ರವನ್ನೂ ಹಾಕಿದ್ದರು. ಅಕ್ಕ ಬಸುರಿ, ಹಿರಿಯರು ಅವಳನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸಿದ್ದರು. ಭಾವನವರು ರಟ್ಟಿಗೆ ಗುಂಡುಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಳಿಯ ಕಾಗದದ ಮೇಲೆ ಕುಡುಗೋಲಿನಂಥ ಪುಟ್ಟ ಸೂರ್ಯನನ್ನು ನನಗೆ ತೋರಿಸಿದರು. ಅದೇ ಹೊತ್ತಿಗೆ ನೆರೆಮನೆಯ ಹುಡುಗನೊಬ್ಬ ಮಸಿ ಹಿಡಿಸಿದ ಗಾಜಿನಲ್ಲಿ ನೇರವಾಗಿ ನೋಡುತ್ತಿದ್ದ. ಮರುದಿನ ಅವನಿಗೆ ಪುಸ್ತಕದ ಸಾಲಿನ ನಡುವೆ ಒಂದು ಕಪ್ಪು ಚುಕ್ಕೆ ಕಂಡಿತು. ಅದು ಮತ್ತೆ ಹೋಗಲಿಲ್ಲ.

ಒಂದೇ ವಠಾರದಲ್ಲಿ ಭಯ ಒಬ್ಬಳಿಂದ ನೋಟವನ್ನು ಕಸಿಯಿತು, ಅಜ್ಞಾನ ಒಬ್ಬನ ಕಣ್ಣನ್ನು ಕೆಡಿಸಿತು. ‘ನೋಡಬೇಡ’ ಎಂಬುದು ಬೇರೆ, ‘ನೇರವಾಗಿ ನೋಡಬೇಡ’ ಎಂಬುದು ಬೇರೆ. ಈ ಎರಡರ ಅಂತರವನ್ನು ಅಂದು ಯಾರೂ ನಮಗೆ ಬಿಡಿಸಿ ಹೇಳಲಿಲ್ಲ.

ಅಡಗಿ ಕೂರುವುದಷ್ಟೇ ನಮ್ಮ ಸಂಪ್ರದಾಯವೆಂದು ಹೇಳುವಂತೆಯೂ ಇಲ್ಲ. ಚಂದ್ರನೇ ಸೂರ್ಯನನ್ನು ಮರೆಮಾಡುತ್ತಾನೆಂದು ಆರ್ಯಭಟ ಐದನೆಯ ಶತಮಾನದ ಕೊನೆಗೇ ಹೇಳಿದ್ದಾನೆ. ಸೂರ್ಯಗ್ರಹಣದ ಪುಣ್ಯಕಾಲದಲ್ಲಿ ಭೂಮಿಯನ್ನು ದಾನ ಕೊಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಹೇರಳವಾಗಿದೆ. ಅವುಗಳ ಕಾಲನಿರ್ಣಯಕ್ಕೆ ಇಂದು ಆ ಗ್ರಹಣಗಳೇ ಆಧಾರ.

ನೋಡುವ ಕ್ರಮ ಸುಲಭ. ಸೂಜಿತೂತಿನಿಂದ ಒಂದು ಮೀಟರ್ ದೂರದಲ್ಲಿ ಕಾಗದ ಹಿಡಿದರೆ ಸುಮಾರು 9 ಮಿಲಿಮೀಟರ್ ಅಗಲದ ಬಿಂಬ ಮೂಡುತ್ತದೆ. ತೂತಿನ ಮೂಲಕ ಸೂರ್ಯನನ್ನು ನೋಡಕೂಡದು, ನೋಡಬೇಕಾದದ್ದು ಕಾಗದವನ್ನು. ಮಸಿಗಾಜು, ಎಕ್ಸ್‌-ರೇ ಫಿಲ್ಮು, ತಂಪುಕನ್ನಡಕ, ತಟ್ಟೆಯ ಸಗಣಿನೀರು, ಇವು ಯಾವುವೂ ನಂಬತಕ್ಕವಲ್ಲ. ನೇರವಾಗಿಯೇ ನೋಡಬೇಕೆಂಬವರಿಗೆ ಪ್ರಮಾಣಿತ ಗ್ರಹಣ ಕನ್ನಡಕಗಳಿವೆ; ಅವುಗಳಲ್ಲಿ ಗೀರು ಬಿದ್ದಿರಬಾರದು.

2019ರ ಡಿಸೆಂಬರ್ 26ರಂದು ಕಂಕಣಗ್ರಹಣದ ಹಾದಿ ಕಾಸರಗೋಡಿನ ಸೀಮೆ, ಕೊಡಗುಗಳನ್ನು ಹಾದುಹೋಯಿತು. ಮುಂಬಯಿಗೆ ಎಂದಿನಂತೆ ಖಂಡಗ್ರಾಸ. ಅಂದು ಬೆಳಿಗ್ಗೆ ಮುಪ್ಪಿನ ಅಕ್ಕನನ್ನು ಅಂಗಳಕ್ಕೆ ಕರೆತಂದು, ಅವಳ ಅಡುಗೆಮನೆಯ ಜರಡಿಯನ್ನೇ ಬಿಸಿಲಿಗೆ ಹಿಡಿದೆ. ನೆಲದ ತುಂಬ ನೂರಾರು ಕುಡುಗೋಲು ಸೂರ್ಯರು. ಬಹಳ ಹೊತ್ತು ನೋಡಿದಳು. ಆಮೇಲೆ, “ಇಷ್ಟೇ ಏನೋ? ಅವತ್ತೂ ಜರಡಿ ಮನೆಯಲ್ಲೇ ಇತ್ತಲ್ಲ” ಎಂದಳು.