ಕಾಗದ, ಕ್ಯಾಲೆಂಡರು, ವಿಳಾಸದ ಪುಸ್ತಕ

ನಮ್ಮ ಹಿರಿಯರ ಕಾಲದ ಪಡಸಾಲೆಯನ್ನು ಒಮ್ಮೆ ನೆನೆದುಕೊಳ್ಳಿ. ಮೂಲೆಯಲ್ಲಿ ತಂತಿಗೆ ಚುಚ್ಚಿಟ್ಟ ಕಾಗದಗಳು. ಗೋಡೆಯಲ್ಲಿ ಹಬ್ಬಹರಿದಿನಗಳ ಜೊತೆಗೆ ಹಾಲಿನ ಲೆಕ್ಕವನ್ನೂ ಹೊತ್ತ ಕ್ಯಾಲೆಂಡರು. ಗೂಡಿನಲ್ಲಿ ನೆಂಟರಿಷ್ಟರ ವಿಳಾಸಗಳ ಪುಸ್ತಕ. ಈ ಮೂರೂ ಈಗ ಕಂಪ್ಯೂಟರಿನ ಒಂದೇ ತಂತ್ರಾಂಶದಲ್ಲಿ ಬಂದು ಸೇರಿವೆ. ಹೊಸದಾಗಿ ಅದನ್ನು ಬಳಸಹೊರಟವರು ಅದು ಬಂದ ದಾರಿಯನ್ನು ಅರಿತರೆ ಅರ್ಧ ಅಳುಕು ಕಳೆದಂತೆ.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಹಲವರು ಏಕಕಾಲದಲ್ಲಿ ಬಳಸುವಂಥ ದೊಡ್ಡ ಕಂಪ್ಯೂಟರೊಂದಿತ್ತು. 1965ರಲ್ಲಿ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮಾರಿಸ್ ಎಂಬವರು, ಅದನ್ನು ಬಳಸುವವರು ಒಬ್ಬರಿಗೊಬ್ಬರು ಓಲೆ ಬರೆದಿಡುವ ಏರ್ಪಾಡು ಮಾಡಿದರು. ಆದರೆ ಆ ಓಲೆ ಆ ಯಂತ್ರವನ್ನು ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಹೊಸ್ತಿಲು ದಾಟಿಸಿದವರು ರೇ ಟಾಮ್ಲಿನ್ಸನ್. 1971ರಲ್ಲಿ ಅವರು ಅರ್ಪಾನೆಟ್ ಎಂಬ ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಓಲೆ ಕಳುಹಿಸಿದರು. ವಿನೋದವೆಂದರೆ, ಆ ಎರಡು ಯಂತ್ರಗಳೂ ಒಂದೇ ಕೋಣೆಯಲ್ಲಿದ್ದವು! ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ಅವರು ಇಟ್ಟದ್ದು, ವ್ಯಾಪಾರದ ಲೆಕ್ಕಗಳಲ್ಲಿ ದರ ಸೂಚಿಸಲು ಬಳಸುತ್ತಿದ್ದ ‘ಅಟ್’ ಗುರುತು. ಅದು ಯಾರ ಹೆಸರಿನಲ್ಲಿಯೂ ಬರುವಂಥದಲ್ಲವಷ್ಟೆ.

ಮುಂದೆ 1982ರಲ್ಲಿ ಜಾನ್ ಪೋಸ್ಟೆಲ್ ಅವರು ಓಲೆಗಳನ್ನು ಸಾಗಿಸುವ ನಿಯಮಗಳನ್ನು ಬರೆದು ಪ್ರಕಟಿಸಿದರು. ಯಾವ ಸಂಸ್ಥೆಯ ಯಂತ್ರದಿಂದ ಹೊರಟ ಇಮೇಲಾದರೂ ಬೇರೆ ಸಂಸ್ಥೆಯ ಯಂತ್ರವನ್ನು ಮುಟ್ಟುವುದು ಇಂಥ ಒಪ್ಪಂದದ ಬಲದಿಂದಲೇ. ಕಾಗದ, ಕ್ಯಾಲೆಂಡರು, ವಿಳಾಸಗಳನ್ನು ಔಟ್‌ಲುಕ್ 97ರಂಥ ತಂತ್ರಾಂಶಗಳು ಒಂದೆಡೆ ಕೂಡಿಸಿದವು. 1998ರಲ್ಲಿ ಕ್ಯಾಲೆಂಡರಿಗೆ ‘ಐಕ್ಯಾಲೆಂಡರ್’, ವಿಳಾಸಕ್ಕೆ ‘ವಿ-ಕಾರ್ಡ್’ ಎಂಬ ಸಾಮಾನ್ಯ ನಮೂನೆಗಳೂ ಪ್ರಕಟವಾದವು.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಮರುವರ್ಷ ಜುಲೈ 4ರಂದು, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡನೆ ಅಮೆರಿಕದಲ್ಲಿ ಹಾಟ್‌ಮೇಲ್ ಆರಂಭಿಸಿದರು. ಯಾವ ಊರಿನ ಯಾವ ಕಂಪ್ಯೂಟರಿನಲ್ಲಾದರೂ ಕುಳಿತು ನಮ್ಮ ಓಲೆಯನ್ನು ಓದಬಹುದಾಯಿತು. ಅನುಕೂಲವೇನೋ ದೊಡ್ಡದು. ಆದರೆ ನಮ್ಮ ಕಾಗದದ ಕಟ್ಟು ನಮ್ಮ ಮನೆಯಿಂದ ಪರರ ಉಗ್ರಾಣಕ್ಕೆ ಹೋಯಿತೆಂಬುದನ್ನು ಮರೆಯಬಾರದು. ಆ ಸಂಸ್ಥೆ ಬಾಗಿಲು ಹಾಕಿದರೆ, ಅಥವಾ ನಾವೇ ಗುಪ್ತಪದವನ್ನು ಮರೆತರೆ, ಕಾಗದಗಳ ಜೊತೆಗೆ ನೆಂಟರ ವಿಳಾಸಗಳೂ ಕೈಬಿಟ್ಟು ಹೋಗಬಹುದು.

ಆದುದರಿಂದ ಆರಂಭ ಹೀಗಿರಲಿ. ಮೊದಲು ವಿಳಾಸಗಳನ್ನು ತುಂಬಿರಿ. ಒಬ್ಬರಿಗೆ ಒಂದೇ ಪುಟ, ಅದರಲ್ಲಿಯೇ ಫೋನು, ಇಮೇಲ್ ಎರಡೂ ಇರಲಿ. ಬಳಿಕ ಕ್ಯಾಲೆಂಡರು. ಇಂಗ್ಲಿಷ್ ತಾರೀಖಿನ ಹುಟ್ಟುಹಬ್ಬಗಳನ್ನು ಒಮ್ಮೆ ಬರೆದು, ಪ್ರತಿವರ್ಷ ಬರುವಂತೆ ಗುರುತು ಮಾಡಿದರೆ ಸಾಕು. ತಿಥಿಯನ್ನು ಅನುಸರಿಸುವ ಹಬ್ಬ, ಶ್ರಾದ್ಧಗಳಿಗೆ ಮಾತ್ರ ಹಾಗೆ ಮಾಡಬೇಡಿ. ಅವುಗಳ ತಾರೀಖು ವರ್ಷವರ್ಷವೂ ಬದಲಾಗುವುದರಿಂದ ಯುಗಾದಿಯಂದು ಪಂಚಾಂಗ ನೋಡಿ ಬರೆದುಕೊಳ್ಳಿ. ಆರು ತಿಂಗಳಿಗೊಮ್ಮೆ ವಿಳಾಸಗಳನ್ನು ವಿ-ಕಾರ್ಡ್ ನಮೂನೆಯಲ್ಲಿಯೂ, ದಿನಾಂಕಗಳನ್ನು ಐಕ್ಯಾಲೆಂಡರ್ ನಮೂನೆಯಲ್ಲಿಯೂ ಪ್ರತಿ ತೆಗೆದು ಮನೆಯಲ್ಲಿಡಿ. ನಾಳೆ ಬೇರೆ ತಂತ್ರಾಂಶಕ್ಕೆ ಹೋಗಬೇಕಾದರೂ ಈ ಗಂಟು ನಿಮ್ಮೊಡನೆ ಬರುತ್ತದೆ.

ಇನ್ನು ಗೂಡಿನ ಹಳೆಯ ಪುಸ್ತಕ. ಅದರಲ್ಲಿನ ಹೆಸರುಗಳನ್ನೆಲ್ಲ ಹೊಸದಕ್ಕೆ ಬರೆದುಕೊಳ್ಳಿ. ಬರೆದಾದ ಮೇಲೂ ಅದು ಗೂಡಿನಲ್ಲಿಯೇ ಇರಲಿ.