ಬೆಣ್ಣೆ ಸಂತೆಗೆ, ಮಜ್ಜಿಗೆ ಮನೆಗೆ: ದುರ್ಗದ ಸೀಮೆಯ ಹಾಲಿನ ಕಥೆ

ಬೆಳಗ್ಗೆ ಆರೂವರೆಗೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಹಳ್ಳಿಗಳಿಗೆ ಹೋದರೆ ಡೈರಿ ಮುಂದೆ ಒಂದು ಸಾಲು ಕಾಣುತ್ತದೆ. ಕೈಯಲ್ಲಿ ಸ್ಟೀಲ್ ಕ್ಯಾನು. ಹಾಲು ಅಳೆಸಿ, ಫ್ಯಾಟ್ ಎಷ್ಟು ಬಂತು ಎಂದು ಇಣುಕಿ ನೋಡಿ, ಚೀಟಿ ಇಸಕೊಂಡು ಮನೆಗೆ ಹೋಗುತ್ತಾರೆ. ಸಂಜೆ ಮತ್ತೆ ಅದೇ ಸಾಲು. ಹುಟ್ಟಿದಾಗಿನಿಂದ ಇದನ್ನೇ ನೋಡಿರುವ ನಮಗೆ ಹಾಲು ಎಂದರೆ ಡೈರಿಗೆ ಹಾಕುವ ವಸ್ತು.

ನಮ್ಮ ಅಜ್ಜಿಯರನ್ನು ಕೇಳಿ ನೋಡಿ, ಅವರು ಬೇರೆಯದನ್ನೇ ಹೇಳುತ್ತಾರೆ. ಅವರ ಕಾಲದಲ್ಲಿ ಹಳ್ಳಿಯಿಂದ ಹಾಲು ಹೊರಗೆ ಹೋಗುತ್ತಿದ್ದುದು ಅಪರೂಪ. ಹೋಗುತ್ತಿದ್ದುದು ಬೆಣ್ಣೆ, ತುಪ್ಪ. ಮಜ್ಜಿಗೆ ಮನೆಯಲ್ಲೇ ಉಳಿಯುತ್ತಿತ್ತು. ಈ ಒಂದು ಬದಲಾವಣೆಯಿಂದ ನಮ್ಮ ಕೊಟ್ಟಿಗೆ, ಅಡುಗೆ, ತಟ್ಟೆ ಮೂರೂ ಬದಲಾದವು. ಅದು ಹೇಗಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎತ್ತಿಗಾಗಿ ಸಾಕಿದ ಹಸು

ಚಿತ್ರದುರ್ಗ ಮಳೆ ಕಡಿಮೆ ಇರುವ ಜಿಲ್ಲೆ. ಹಸಿ ಮೇವು ಮಳೆಗಾಲದ ಕೆಲವೇ ತಿಂಗಳು ಸಿಗುತ್ತದೆ. ಇಂಥ ನೆಲದಲ್ಲಿ ಬೆಳೆದ ನಾಟಿ ದನ ಕಲ್ಲುಗುಡ್ಡ ಹತ್ತಬೇಕು, ಒಣ ಹುಲ್ಲು ತಿಂದು ಬದುಕಬೇಕು, ಬಿಸಿಲಿಗೆ ಬಗ್ಗಬಾರದು. ರೈತನಿಗೆ ಹಸುವಿನಿಂದ ಬೇಕಾಗಿದ್ದುದು ಮೊದಲು ಹೋರಿಗರು. ಉಳುವುದಕ್ಕೆ, ಬಾವಿಯಿಂದ ಕಪಿಲೆ ಎಳೆಯುವುದಕ್ಕೆ, ಗಾಡಿಗೆ ಎತ್ತು ಬೇಕಿತ್ತು. ಹಾಲಿನಲ್ಲಿ ಕರುವಿಗೆ ಮೊದಲ ಪಾಲು. ಉಳಿದದ್ದು ಮನೆಗೆ.

ಮೈಸೂರು ಸೀಮೆಯ ಹೆಸರಾಂತ ಅಮೃತ ಮಹಲ್ ತಳಿ ಮೂರು ಬಗೆಯ ದನಗಳಿಂದ ರೂಪುಗೊಂಡಿತು ಎನ್ನುತ್ತಾರೆ: ಹಳ್ಳಿಕಾರ್, ಹಾಗಲವಾಡಿ, ಮತ್ತು ಚಿತ್ರದುರ್ಗ. ಪಾಳೆಯಗಾರರ ಕಾಲದಲ್ಲಿ ದುರ್ಗದ ದನಕ್ಕೆ ಅಷ್ಟು ಹೆಸರಿತ್ತು.

ಇದೇ ಜಿಲ್ಲೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನನ್ನು ದನ ಕಾಯ್ದ ವೀರನೆಂದು ಇಂದಿಗೂ ಪೂಜಿಸುತ್ತಾರೆ. ಮ್ಯಾಸಬೇಡರು ದೇವರ ಎತ್ತುಗಳ ಮಂದೆಯನ್ನೇ ಸಾಕುತ್ತಾರೆ. ಅವನ್ನು ಕಾಯುವವನು ಕಿಲಾರಿ. ಆ ದನಗಳನ್ನು ಉಳುವುದಕ್ಕೆ ಕಟ್ಟುವುದಿಲ್ಲ, ಸಂತೆಯಲ್ಲಿ ಮಾರುವುದಿಲ್ಲ. ದನ ಎಂದರೆ ಬರೀ ಹಾಲಿನ ಲೆಕ್ಕ ಅಲ್ಲ ಎಂಬುದಕ್ಕೆ ಈ ಮಂದೆಗಳೇ ಸಾಕ್ಷಿ.

ಅರಮನೆ ಇಟ್ಟ ಹೆಸರು: ಬೆಣ್ಣೆ ಚಾವಡಿ

ಮೈಸೂರಿನ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಅರಮನೆಯ ದನಗಳ ಮಂದೆ ನೋಡಿಕೊಳ್ಳಲು ಅವರ ಕಾಲದಲ್ಲಿ ಒಂದು ಇಲಾಖೆ ಇತ್ತು. ಅದರ ಹೆಸರು ಬೆಣ್ಣೆ ಚಾವಡಿ. ಹಾಲಿನ ಚಾವಡಿ ಎಂದು ಯಾಕೆ ಕರೆಯಲಿಲ್ಲ?

ಉತ್ತರ ಯಾವ ಹೆಣ್ಣುಮಗಳಿಗೂ ಗೊತ್ತು. ಬೇಸಿಗೆಯಲ್ಲಿ ಕಾಯಿಸದೆ ಇಟ್ಟ ಹಾಲು ಕೆಲವೇ ಗಂಟೆಗಳಲ್ಲಿ ಒಡೆಯುತ್ತದೆ. ಬೆಣ್ಣೆ ಕೆಲವು ದಿನ ತಡೆಯುತ್ತದೆ. ಕಾಯಿಸಿ ತುಪ್ಪ ಮಾಡಿದರೆ ತಿಂಗಳುಗಟ್ಟಲೆ ಇಡಬಹುದು. ಐಸ್ ಇಲ್ಲದ, ಲಾರಿ ಇಲ್ಲದ ಕಾಲದಲ್ಲಿ ಹಾಲು ದೂರ ಹೋಗಬೇಕಾದರೆ ಬೆಣ್ಣೆಯಾಗಿಯೇ ಹೋಗಬೇಕಿತ್ತು. ಅರಮನೆಗೂ ಅದೇ, ಸಂತೆಗೂ ಅದೇ.

ಮಂದೆಗಳು ಮೇಯಲು ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಅವೇ ಕಾವಲುಗಳು. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲು. ಎಲ್ಲಿ ಯಾವಾಗ ಹುಲ್ಲು, ನೀರು ಸಿಗುತ್ತದೋ ಮಂದೆ ಅಲ್ಲಿಗೆ ನಡೆಯುತ್ತಿತ್ತು.

1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ದುರ್ಗವನ್ನು ಗೆದ್ದುಕೊಂಡ. ಹೈದರನಿಗೆ ಈ ದನಗಳಲ್ಲಿ ಕಂಡದ್ದು ಬೆಣ್ಣೆಯಲ್ಲ, ವೇಗ. ಫಿರಂಗಿ ಎಳೆಯಲು, ಸೈನ್ಯದ ಸಾಮಾನು ಹೊರಲು ಎತ್ತು ಬೇಕಿತ್ತು. ಮಗ ಟಿಪ್ಪು ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. 1799ರಲ್ಲಿ ಟಿಪ್ಪು ಸತ್ತ ಮೇಲೆ ಮಂದೆ ಬ್ರಿಟಿಷರ ಕೈಗೆ ಹೋಯಿತು. ಖರ್ಚು ಜಾಸ್ತಿ ಎಂದು ಅವರು 1860ರಲ್ಲಿ ಮಂದೆಯನ್ನೇ ಮಾರಿಬಿಟ್ಟರು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. ಹೊಸದುರ್ಗದ ನೆರೆಯ ಅಜ್ಜಂಪುರದಲ್ಲಿ 1929ರಲ್ಲಿ ಶುರುವಾದ ತಳಿ ಸಂವರ್ಧನಾ ಕೇಂದ್ರ ಈಗಲೂ ಇದೆ.

ಕಾವಲುಗಳು ಮಾತ್ರ ಕರಗುತ್ತಾ ಬಂದವು. ಸ್ವಲ್ಪ ಸಾಗುವಳಿಗೆ ಹೋಯಿತು, ಸ್ವಲ್ಪ ಬೇರೆ ಕೆಲಸಗಳಿಗೆ. ಚಿತ್ರದುರ್ಗ ಮತ್ತು ಹಿರಿಯೂರಿನ ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಅಮೃತ ಮಹಲ್ ಕಾವಲನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟದ್ದು ನಮ್ಮ ಕಣ್ಣ ಮುಂದೆಯೇ ನಡೆದ ಸಂಗತಿ. ಅಲ್ಲಿ ದನ, ಕುರಿ ಮೇಯಿಸುತ್ತಿದ್ದವರು ಹಸಿರು ನ್ಯಾಯಮಂಡಳಿಯ ತನಕ ಹೋದರು. ಬಯಲಿನಲ್ಲಿ ಮೇಯುವ ಹಸು ಹೋಗಿ ಕಟ್ಟಿ ಹಾಕಿ ಮೇಯಿಸುವ ಹಸು ಬಂದದ್ದಕ್ಕೆ ಮೇಯುವ ಜಾಗ ಕರಗಿದ್ದೂ ಒಂದು ಕಾರಣ.

ಕಡೆಗೋಲಿನ ಲೆಕ್ಕ

ಅರಮನೆ ಬಿಟ್ಟು ಮನೆಗೆ ಬರೋಣ. ಹಿಂದೆ ದಿನಚರಿ ಹೀಗಿತ್ತು. ರಾತ್ರಿ ಹಾಲು ಕಾಯಿಸಿ ಹೆಪ್ಪು ಹಾಕುವುದು. ಕೋಳಿ ಕೂಗುವ ಹೊತ್ತಿಗೆ ಕಂಬಕ್ಕೆ ಹಗ್ಗ ಕಟ್ಟಿ ಕಡೆಗೋಲಿನಿಂದ ಕಡೆಯುವುದು. ಬೆಣ್ಣೆ ತೇಲಿದ ಮೇಲೆ ತೆಗೆದು ನೆಲುವಿನ ಮೇಲೆ ಇಡುವುದು. ಸಂತೆ ದಿನ ಬೆಣ್ಣೆಯೋ ತುಪ್ಪವೋ ಮಾರಾಟಕ್ಕೆ. ಆ ದುಡ್ಡು ಬಹಳ ಮನೆಗಳಲ್ಲಿ ಹೆಂಗಸರ ಕೈಯದು. ಉಪ್ಪು, ಬಳೆ, ಮಗಳಿಗೊಂದು ಲಂಗ, ಎಲ್ಲ ಅದರಲ್ಲೇ.

ಕೊಬ್ಬು ಹೊರಗೆ ಹೋದರೂ ಮಜ್ಜಿಗೆ ಗಡಿಗೆಯಲ್ಲಿ ಉಳಿಯುತ್ತಿತ್ತು. ಹಾಲಿನ ಪ್ರೋಟೀನು, ಸುಣ್ಣದಂಶ ಬಹುಪಾಲು ಇರುವುದು ಅದರಲ್ಲೇ. ಮಜ್ಜಿಗೆಯನ್ನು ಯಾರೂ ಮಾರುತ್ತಿರಲಿಲ್ಲ. ಮುದ್ದೆಗೆ, ಅಂಬಲಿಗೆ, ಹೊಸದುರ್ಗದ ಕಡೆ ಸಾವೆ ಅನ್ನಕ್ಕೆ ಅದೇ ಆಗಬೇಕು. ದನ ಇಲ್ಲದವರೂ ಚೊಂಬು ಹಿಡಿದು ಬರುತ್ತಿದ್ದರು.

ಇದನ್ನು ಕೇಳಿ ಆ ಕಾಲವೇ ಚೆನ್ನಾಗಿತ್ತು ಎನ್ನುವ ಹಾಗಿಲ್ಲ. ಮಜ್ಜಿಗೆ ಎಲ್ಲರಿಗೂ ಒಂದೇ ಬಾಗಿಲಲ್ಲಿ ಸಿಗುತ್ತಿರಲಿಲ್ಲ. ಕೆಲವರು ಅಂಗಳದ ಆಚೆ ನಿಂತು ಪಾತ್ರೆ ಹಿಡಿಯಬೇಕಿತ್ತು. ಮುಟ್ಟದ ಹಾಗೆ ಮೇಲಿನಿಂದ ಹೊಯ್ಯುತ್ತಿದ್ದರು. ಪುಕ್ಕಟೆ ಸಿಕ್ಕ ಮಜ್ಜಿಗೆಯ ಬೆಲೆ ಕೆಲವೊಮ್ಮೆ ಬಿಟ್ಟಿ ದುಡಿಮೆಯಲ್ಲಿ ತೀರುತ್ತಿತ್ತು.

ಹಾಲು ಊರು ಬಿಟ್ಟ ಬಗೆ

ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಸಹಕಾರ ಸಂಘ ಕಟ್ಟಿದರು. ಮುಂದೆ ಅದೇ ಅಮುಲ್ ಆಯಿತು. ನಮ್ಮ ರಾಜ್ಯದ ಮೊದಲ ಡೈರಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಶುರುವಾಯಿತು. 1970ರಲ್ಲಿ ದೇಶದಲ್ಲಿ ಆಪರೇಷನ್ ಫ್ಲಡ್ ಯೋಜನೆ ಬಂತು. ಆ ದಶಕದಲ್ಲೇ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕದಲ್ಲಿ ಹಳ್ಳಿ ಹಳ್ಳಿಗೆ ಹಾಲು ಸಂಘಗಳು ಬರತೊಡಗಿದವು. 1984ರಲ್ಲಿ ಕೆಎಂಎಫ್ ಎಂಬ ಹೆಸರು ಬಂತು. ಚಿತ್ರದುರ್ಗ ಜಿಲ್ಲೆಯ ಹಾಲು ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಹಾಲಿನ ಜೊತೆ ಶಿವಮೊಗ್ಗದ ಒಕ್ಕೂಟಕ್ಕೆ ಹೋಗುತ್ತದೆ.

ಹಾಲನ್ನು ತಂಪು ಮಾಡುವ ಯಂತ್ರ ಮತ್ತು ಟ್ಯಾಂಕರ್ ಬಂದ ಮೇಲೆ ಬೆಣ್ಣೆ ಮಾಡುವ ಅಗತ್ಯವೇ ಉಳಿಯಲಿಲ್ಲ. ಕೃತಕ ಗರ್ಭಧಾರಣೆಯಿಂದ ಜೆರ್ಸಿ, ಎಚ್‌ಎಫ್ ಮಿಶ್ರತಳಿ ಬಂದವು. ಟ್ರ್ಯಾಕ್ಟರ್ ಬಂದು ಎತ್ತಿನ ಕೆಲಸ ಕಿತ್ತುಕೊಂಡಿತು. ಹೆಣ್ಣುಗರು ಹುಟ್ಟಿದರೆ ಖುಷಿ, ಹೋರಿಗರು ಹುಟ್ಟಿದರೆ ಚಿಂತೆ ಎಂಬ ಕಾಲ ಬಂತು. ಮುನ್ನೂರು ವರ್ಷದ ಲೆಕ್ಕ ತಲೆಕೆಳಗಾಯಿತು.

ಡೈರಿ ಇನ್ನೊಂದು ಕೆಲಸವನ್ನೂ ಮಾಡಿತು. ಅಲ್ಲಿ ಸಾಲು ಒಂದೇ, ಎಲ್ಲರ ಹಾಲೂ ಒಂದೇ ಕ್ಯಾನಿಗೆ. ಅಂಗಳದ ಆಚೆ ಪಾತ್ರೆ ಹಿಡಿದು ನಿಲ್ಲುತ್ತಿದ್ದವರ ಮೊಮ್ಮಕ್ಕಳು ಹಸು ಕಟ್ಟಿ, ತಮ್ಮ ಹೆಸರಲ್ಲೇ ಬಟವಾಡೆ ತೆಗೆದುಕೊಂಡರು. ಮಳೆ ಕೈಕೊಟ್ಟ ವರ್ಷವೂ ನಿಗದಿತ ದಿನಕ್ಕೆ ದುಡ್ಡು ಬರುತ್ತದೆ. ಇದನ್ನು ಸಣ್ಣದು ಎನ್ನಲಾಗದು. ಆದರೆ ಬಹಳ ಕಡೆ ಸದಸ್ಯತ್ವ ಗಂಡಸರ ಹೆಸರಿಗೆ ಆಯಿತು. ಹಾಲು ಕರೆಯುವ, ಸಗಣಿ ಬಾಚುವ ಕೈಯಿಂದ ದುಡ್ಡು ಜಾರಿತು. ಮುಂದೆ ಮಹಿಳಾ ಹಾಲು ಉತ್ಪಾದಕರ ಸಂಘಗಳು ಬಂದದ್ದು ಇದನ್ನು ಸರಿಮಾಡಲು.

ಒಂದು ಮನೆಯ ಅಡುಗೆ

ಹೊಳಲ್ಕೆರೆ ತಾಲ್ಲೂಕಿನ ಒಂದು ಮನೆಗೆ ನಾವು ಮೂವರು ಹೋಗಿದ್ದೆವು. ಎರಡು ಸೀಮೆ ಹಸು, ಒಂದು ಎಮ್ಮೆ. ಹಸುವಿನ ಹಾಲು ಪೂರ್ತಿ ಡೈರಿಗೆ. ಎಮ್ಮೆ ಹಾಲು ಮನೆಗೆ. ‘ಎಮ್ಮೆನೂ ಮಾರಿ ಇನ್ನೊಂದು ಹಸ ಕಟ್ಟು ಅಂತಾರೆ. ನಮ್ಮತ್ತೆ ಬಿಡಲ್ಲ ಕಣ್ರಪ್ಪ. ಮಜ್ಜಿಗೆ ಇಲ್ದೆ ಅವ್ರಿಗೆ ಮುದ್ದೆ ಇಳಿಯಲ್ಲ’ ಎಂದರು ಆ ಮನೆಯ ಅಕ್ಕ.

ಅವತ್ತು ಕಡೆಯುವ ದಿನ. ಕಡೆಗೋಲಿನ ಜಾಗದಲ್ಲಿ ಈಗ ಮಿಕ್ಸಿ. ನಾಲ್ಕು ದಿನ ಕೂಡಿಟ್ಟ ಮೊಸರಿನ ಕೆನೆಗೆ ತಣ್ಣೀರು ಹಾಕಿ ತಿರುಗಿಸಿದರು. ಬಿಸಿಲ ಕಾಲಕ್ಕೆ ನೀರು ತಣ್ಣಗಿಲ್ಲದಿದ್ದರೆ ಬೆಣ್ಣೆ ಉಂಡೆಗಟ್ಟದೆ ಮೆತ್ತಗೆ ಹರಡಿಕೊಳ್ಳುತ್ತದೆ. ತೆಗೆದ ಬೆಣ್ಣೆಯನ್ನು ನೀರು ತಿಳಿಯಾಗುವ ತನಕ ತೊಳೆದು ಸಣ್ಣ ಉರಿಯಲ್ಲಿಟ್ಟರು. ಮೊದಲು ನೊರೆ, ಆಮೇಲೆ ಚಟಪಟ ಸದ್ದು. ಆ ಸದ್ದು ಒಳಗಿನ ನೀರು ಆರುವುದರದ್ದು. ಸದ್ದು ನಿಂತು ತಳದ ಗಸಿ ಕೆಂಪಾದಾಗ ಒಂದು ಹಿಡಿ ನುಗ್ಗೆಸೊಪ್ಪು ಹಾಕಿ ಇಳಿಸಿದರು. ಗರಿಗರಿಯಾದ ಸೊಪ್ಪು ಮಕ್ಕಳ ಪಾಲಾಯಿತು. ಗಸಿಗೆ ಬೆಲ್ಲ ಸೇರಿಸಿ ರೊಟ್ಟಿಗೆ.

ಉಳಿದ ಮಜ್ಜಿಗೆಗೆ ಹಸಿಮೆಣಸು, ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ, ಒಂದಿಷ್ಟು ಹುರಿಗಡಲೆ ರುಬ್ಬಿ ಕದಡಿ, ಅರಿಶಿನ, ಉಪ್ಪು ಹಾಕಿ ಒಲೆ ಮೇಲೆ ಇಟ್ಟರು. ಕುದಿಯಲು ಬಿಟ್ಟರೆ ಒಡೆಯುತ್ತದೆ. ಕೈಯಾಡಿಸುತ್ತಾ, ಹಬೆ ಏಳುವಾಗಲೇ ಇಳಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ. ಮಜ್ಜಿಗೆ ಸಾರು, ಬಿಸಿ ಮುದ್ದೆ, ಮೇಲೊಂದು ಚಮಚ ತುಪ್ಪ. ಅದೇ ಊಟ. ಹಸು ಈದ ಹೊಸದರಲ್ಲಿ ಬಂದಿದ್ದರೆ ಗಿಣ್ಣು ಸಿಗುತ್ತಿತ್ತು ಎಂದು ಅಜ್ಜಿ ನಕ್ಕರು. ಗಿಣ್ಣುಹಾಲು ಕರುವಿಗೆ ಕುಡಿಸಿ ಮಿಕ್ಕಿದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುವುದು ಅವರ ಕ್ರಮ. ಅದನ್ನು ಅವರು ಇವತ್ತಿಗೂ ನೆರೆಯವರಿಗೆ ಹಂಚುತ್ತಾರೆ.

ಉಳಿಸಿಕೊಳ್ಳುವುದು ಎಷ್ಟು?

ಮನೆಯಲ್ಲೇ ತುಪ್ಪ ಮಾಡಿ ಎಂದು ಹೇಳುವುದು ಸುಲಭ. ಲೆಕ್ಕ ಹಾಕಿ ನೋಡಿ. ಹಸುವಿನ ಹಾಲಿನಲ್ಲಿ ಫ್ಯಾಟ್ 4 ಇದ್ದರೆ ಒಂದು ಕೆ.ಜಿ. ತುಪ್ಪಕ್ಕೆ 25 ಲೀಟರ್‌ನಷ್ಟು ಹಾಲು ಬೇಕು. ಹಿಂಡಿ, ಬೂಸಾ, ಸಾಲದ ಕಂತು ಇರುವ ಮನೆಗೆ ಅಷ್ಟು ಹಾಲು ಬಿಡಲು ಆಗುವುದಿಲ್ಲ.

ಆದರೆ ಇನ್ನೊಂದು ಲೆಕ್ಕವೂ ಇದೆ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆ, ಅಂಗನವಾಡಿ ಮಕ್ಕಳಿಗೆ ಹಾಲು ಕೊಡುತ್ತಿದ್ದಾರೆ. ಅದು ಬಿಸಿನೀರಿಗೆ ಹಾಲಿನ ಪುಡಿ ಕದಡಿ ಮಾಡಿದ ಹಾಲು. ನಮ್ಮಂಥ ಹಳ್ಳಿಗಳ ಹಾಲೇ ಟ್ಯಾಂಕರ್ ಹತ್ತಿ, ಪುಡಿಯಾಗಿ, ಚೀಲದಲ್ಲಿ ವಾಪಸ್ ಬರುತ್ತದೆ. ದನ ಇಲ್ಲದ ಮನೆಯ ಮಗುವಿಗೂ ಅದು ಸಿಗುತ್ತದೆ, ಅಂಗಳದ ಆಚೆ ನಿಲ್ಲದೆ ಸಿಗುತ್ತದೆ. ಅದಕ್ಕಾಗಿ ಆ ಯೋಜನೆ ದೊಡ್ಡದು. ಆದರೆ ಕೊಟ್ಟಿಗೆಯಲ್ಲಿ ಹಸು ಇದ್ದೂ ಮಗು ಹಾಲು ಕುಡಿಯಲು ಶಾಲೆಯ ಗಂಟೆಗೆ ಕಾಯಬೇಕೆ?

ಬೆಣ್ಣೆ ಚಾವಡಿಯ ಕಾಲದಲ್ಲೂ ಹಾಲಿನ ಬೆಲೆಬಾಳುವ ಭಾಗ ಬೇರೆಯವರಿಗೇ ಹೋಗುತ್ತಿತ್ತು. ಆದರೆ ಒಂದು ಗಡಿಗೆ ಮಜ್ಜಿಗೆ ತಾನಾಗಿಯೇ ಉಳಿಯುತ್ತಿತ್ತು, ಯಾರೂ ನಿರ್ಧಾರ ಮಾಡಬೇಕಿರಲಿಲ್ಲ. ಈಗ ತಾನಾಗಿ ಏನೂ ಉಳಿಯುವುದಿಲ್ಲ. ಕ್ಯಾನಿಗೆ ಸುರಿಯುವ ಮೊದಲು ಎಷ್ಟು ತೆಗೆದಿಡಬೇಕು ಎಂದು ಮನೆಯವರೇ ತೀರ್ಮಾನಿಸಬೇಕು. ಹೊಳಲ್ಕೆರೆಯ ಆ ಮನೆಯಲ್ಲಿ ತೀರ್ಮಾನಿಸಿದವರು ಅತ್ತೆ. ನಿಮ್ಮ ಮನೆಯಲ್ಲಿ ಯಾರು?